ಹ್ಯೂಸ್ಟನ್‌ನಲ್ಲಿ ಇನ್ಶೂರೆನ್ಸ್ ಪರೀಕ್ಷೆಗೆ ಓದಿದ್ದು

ಟೆಕ್ಸಸ್‌ನಲ್ಲಿ ಯಾರಿಗಾದರೂ ಮನೆ, ಕಾರು ಅಥವಾ ಅಂಗಡಿಯ ಇನ್ಶೂರೆನ್ಸ್ ಮಾರಬೇಕು ಅಂದರೆ ಮೊದಲು ಒಂದು ಪರೀಕ್ಷೆ ಪಾಸಾಗಬೇಕು. ಪ್ರಾಪರ್ಟಿ ಅಂಡ್ ಕ್ಯಾಶುಯಲ್ಟಿ ಲೈಸೆನ್ಸ್ ಪರೀಕ್ಷೆ ಅಂತ ಅದರ ಹೆಸರು. ಇಲ್ಲಿ ಎಲ್ಲರೂ ಪಿ ಅಂಡ್ ಸಿ ಅಂತಲೇ ಹೇಳುವುದು. ಊರಲ್ಲಿ ನಾವು ಜನರಲ್ ಇನ್ಶೂರೆನ್ಸ್ ಅನ್ನುತ್ತೇವಲ್ಲ, ಹೆಚ್ಚುಕಮ್ಮಿ ಅದೇ. ಜೀವವಿಮೆ, ಆರೋಗ್ಯವಿಮೆ ಮಾರಲು ಇಲ್ಲಿ ಬೇರೆ ಲೈಸೆನ್ಸ್ ಬೇಕು.

ನಾವಿರುವುದು ಹ್ಯೂಸ್ಟನ್‌ನ ಪಶ್ಚಿಮಕ್ಕಿರುವ ಕೇಟಿಯಲ್ಲಿ. ನಾನು ಗಂಡನ ಕೆಲಸದ ವೀಸಾ ಜೊತೆಗೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಬಂದವಳು. ವರ್ಕ್ ಪರ್ಮಿಟ್ ಕೈಗೆ ಸಿಕ್ಕ ಮೇಲೆ ಮನೆ ಹತ್ತಿರದ ಒಂದು ಸಣ್ಣ ಏಜೆನ್ಸಿಯಲ್ಲಿ ಕೆಲಸ ಕೇಳಿದೆ. ಏಜೆನ್ಸಿ ನಡೆಸುವ ಹೆಂಗಸು ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದರು: ಲೈಸೆನ್ಸ್ ಬರುವ ತನಕ ಫೋನ್ ಎತ್ತಿ ಹೆಸರು, ನಂಬರ್ ಬರೆದುಕೊಳ್ಳಬಹುದು, ಫೈಲ್ ಜೋಡಿಸಬಹುದು. ಯಾವ ಕವರೇಜ್ ತಗೊಂಡರೆ ಒಳ್ಳೆಯದು ಅಂತ ಒಂದು ಮಾತೂ ಆಡುವ ಹಾಗಿಲ್ಲ. ಆಮೇಲೆ ಇನ್ನೊಂದು ಮಾತು ಹೇಳಿದರು. "ಪಾಲಿಸಿಯಲ್ಲಿ ಏನೇನು ಸಿಗುತ್ತೆ ಅಂತ ಎಲ್ಲರೂ ಓದುತ್ತಾರೆ. ನೀನು ಏನು ಸಿಗುವುದಿಲ್ಲ ಅನ್ನುವುದನ್ನು ಓದು. ಪರೀಕ್ಷೆಗೂ ಅದೇ, ಕೆಲಸಕ್ಕೂ ಅದೇ."

ಆ ಚಳಿಗಾಲ ಪೂರ್ತಿ ನಾನು ಅದನ್ನೇ ಓದಿದೆ.

ಅಮೆರಿಕದಲ್ಲಿ ಇನ್ಶೂರೆನ್ಸ್ ಅನ್ನೋದು ಆಯಾ ರಾಜ್ಯದ ಕೈಯಲ್ಲಿದೆ. 1945ರಲ್ಲಿ ಬಂದ ಮೆಕ್ಯಾರನ್-ಫರ್ಗುಸನ್ ಕಾಯ್ದೆ ಆ ಅಧಿಕಾರವನ್ನು ರಾಜ್ಯಗಳಿಗೇ ಬಿಟ್ಟಿತು. ಹಾಗಾಗಿ ರಾಜ್ಯಕ್ಕೊಂದು ಕಾನೂನು, ರಾಜ್ಯಕ್ಕೊಂದು ಪರೀಕ್ಷೆ. ಕೆಲವು ರಾಜ್ಯಗಳಲ್ಲಿ ಪರೀಕ್ಷೆಗೆ ಮೊದಲು ಇಷ್ಟು ಗಂಟೆ ಪಾಠ ಕೇಳಲೇಬೇಕು ಅಂತ ನಿಯಮ ಇದೆ. ಟೆಕ್ಸಸ್‌ನಲ್ಲಿ ಹಾಗಿಲ್ಲ. ಹೇಗೆ ಬೇಕಾದರೂ ಓದಿ, ನೂರಕ್ಕೆ 70 ತೆಗೆದರೆ ಸಾಕು. ಕೇಳಲು ಸುಲಭ ಅನ್ನಿಸುತ್ತೆ. ಆದರೆ ಮೇಷ್ಟ್ರಿಲ್ಲ, ಕ್ಲಾಸಿಲ್ಲ. ಯಾವುದು ಮುಖ್ಯ, ಯಾವುದು ಅಲ್ಲ ಅಂತ ಹೇಳುವವರೇ ಇಲ್ಲ. ನಾನು ಒಂದು ದಪ್ಪ ಪುಸ್ತಕ ತರಿಸಿಕೊಂಡೆ, ಆನ್‌ಲೈನ್ ಪ್ರಶ್ನೆಪತ್ರಿಕೆಗಳಿಗೆ ದುಡ್ಡು ಕಟ್ಟಿದೆ, ಮಗಳನ್ನು ಸ್ಕೂಲಿಗೆ ಬಿಟ್ಟು ಕೌಂಟಿ ಲೈಬ್ರರಿಯಲ್ಲಿ ಹೋಗಿ ಕೂರುತ್ತಿದ್ದೆ.

ಮೊದಲ ಅಧ್ಯಾಯಗಳು ಬೇಗ ಮುಗಿದವು. ಪೆರಿಲ್ ಅಂದರೆ ನಷ್ಟ ಮಾಡುವ ಕಾರಣ: ಬೆಂಕಿ, ಗಾಳಿ, ಕಳ್ಳತನ. ಹಜಾರ್ಡ್ ಅಂದರೆ ಆ ನಷ್ಟದ ಸಾಧ್ಯತೆಯನ್ನು ಜಾಸ್ತಿ ಮಾಡುವ ಸಂಗತಿ. ನಷ್ಟವಾದಷ್ಟನ್ನೇ ತುಂಬಿಕೊಡಬೇಕು, ಇನ್ಶೂರೆನ್ಸ್‌ನಿಂದ ಯಾರೂ ಲಾಭ ಮಾಡಿಕೊಳ್ಳಬಾರದು. ಪಾಲಿಸಿ ಬರೆದದ್ದು ಕಂಪನಿಯಾದ್ದರಿಂದ ಮಾತು ಅಸ್ಪಷ್ಟವಾಗಿದ್ದರೆ ಕೋರ್ಟು ಗ್ರಾಹಕನ ಪರ ಅರ್ಥ ಮಾಡುತ್ತೆ. ಈ ಕೊನೆಯದು ನನಗೆ ತುಂಬಾ ಇಷ್ಟವಾಯಿತು. ಪುಸ್ತಕದ ಅಂಚಿನಲ್ಲಿ ಗೆರೆ ಎಳೆದು ಇಟ್ಟುಕೊಂಡೆ.

ಹೋಂ ಓನರ್ಸ್ ಪಾಲಿಸಿಯ ಅಧ್ಯಾಯ ಬಂದಾಗ ಓದುವ ವೇಗ ತಾನಾಗಿಯೇ ಕಡಿಮೆಯಾಯಿತು. ಇದರಲ್ಲಿ ಹಲವು ಫಾರ್ಮ್‌ಗಳಿವೆ. ಬಾಡಿಗೆ ಮನೆಯವರಿಗೆ ಎಚ್‌ಒ-4, ಕಾಂಡೋ, ಅಂದರೆ ಸ್ವಂತ ಫ್ಲ್ಯಾಟಿನವರಿಗೆ ಎಚ್‌ಒ-6. ಸ್ವಂತ ಮನೆಯವರಿಗೆ ಎಲ್ಲಕ್ಕಿಂತ ಸಾಮಾನ್ಯವಾದದ್ದು ಎಚ್‌ಒ-3. ಪರೀಕ್ಷೆಯಲ್ಲಿ ತಿರುಗಿಸಿ ಮುರುಗಿಸಿ ಇದನ್ನೇ ಕೇಳುತ್ತಾರೆ. ಕಟ್ಟಡಕ್ಕೆ ಒಂದು ನಿಯಮ, ಒಳಗಿನ ಸಾಮಾನಿಗೆ ಇನ್ನೊಂದು. ಕಟ್ಟಡದ ವಿಷಯದಲ್ಲಿ, ಪಾಲಿಸಿ ಹೊರಗಿಟ್ಟ ಕಾರಣಗಳನ್ನು ಬಿಟ್ಟು ಉಳಿದದ್ದಕ್ಕೆಲ್ಲ ರಕ್ಷಣೆ ಇದೆ. ಸಾಮಾನಿಗೆ ಹಾಗಲ್ಲ. ಪಟ್ಟಿಯಲ್ಲಿ ಹೆಸರಿರುವ 16 ಕಾರಣಗಳಿಂದ ನಷ್ಟವಾದರೆ ಮಾತ್ರ ದುಡ್ಡು. ಕಟ್ಟಡದ ಮೊತ್ತ ನಾಲ್ಕು ಲಕ್ಷ ಡಾಲರ್ ಇದ್ದರೆ, ಬೇರೆಯಾಗಿ ನಿಂತ ಗ್ಯಾರೇಜು, ಬೇಲಿಗಳಿಗೆ ಅದರ ಶೇಕಡಾ 10. ಸಾಮಾನಿಗೆ ಶೇಕಡಾ 50. ಮನೆ ರಿಪೇರಿಯಾಗುವ ತನಕ ಬೇರೆ ಕಡೆ ಇರುವ ಖರ್ಚಿಗೆ ಶೇಕಡಾ 30.

ಸಾಮಾನಿಗೆ ಎರಡು ಲಕ್ಷ ಡಾಲರ್ ಅಂದರೆ ಧಾರಾಳವಾಯಿತು ಅನ್ನಿಸುತ್ತೆ, ಅಲ್ವಾ? ಪುಟ ತಿರುಗಿಸಿದರೆ ಒಂದು ಸಣ್ಣ ಪಟ್ಟಿ ಇತ್ತು. ಕೆಲವು ವಸ್ತುಗಳಿಗೆ ಇಷ್ಟೇ ಕೊಡುವುದು ಅಂತ. ನಗದು ಹಣಕ್ಕೆ 200 ಡಾಲರ್. ಆಭರಣ ಕಳ್ಳತನವಾದರೆ ಎಲ್ಲ ಸೇರಿ 1,500 ಡಾಲರ್. ಒಂದೊಂದಕ್ಕೆ ಅಷ್ಟಲ್ಲ, ಮನೆಯ ಒಟ್ಟು ಆಭರಣಕ್ಕೆ ಅಷ್ಟು.

ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಮದುವೆಯಲ್ಲಿ ಅಮ್ಮ ಹಾಕಿದ ಬಳೆ, ಅತ್ತೆ ಕೊಟ್ಟ ಅವಲಕ್ಕಿ ಸರ, ಮಗಳ ನಾಮಕರಣಕ್ಕೆ ಬಂದ ಸಣ್ಣಪುಟ್ಟ ಚಿನ್ನ. ಯಾವ ಕನ್ನಡದ ಮನೆಯಲ್ಲಿ ಇದಿಲ್ಲ? ಇವತ್ತಿನ ಚಿನ್ನದ ಬೆಲೆಗೆ 1,500 ಡಾಲರ್ ಅಂದರೆ ಒಂದು ಜೊತೆ ಬಳೆಗೂ ಸಾಲುವುದಿಲ್ಲ. ಭಾರತೀಯರ ಮನೆಯಲ್ಲಿ ಬಂಗಾರ ಇರುತ್ತೆ ಅಂತ ಕಳ್ಳರಿಗೂ ಗೊತ್ತು. ಅಮೆರಿಕದ ಹಲವು ಊರುಗಳಲ್ಲಿ ಅದಕ್ಕೆಂದೇ ನಮ್ಮವರ ಮನೆಗಳಿಗೆ ನುಗ್ಗಿದ್ದಾರೆ. ಮನೆಗೆ ಹೋದವಳೇ ನಮ್ಮ ಪಾಲಿಸಿ ತೆಗೆದು ನೋಡಿದೆ. ವಿಶೇಷ ಮಿತಿಗಳ ಆ ಪಟ್ಟಿ ಅದರಲ್ಲೂ ಇತ್ತು, ಅದೇ ಮೊತ್ತ. ಸಂಜೆ ಗಂಡ ಮತ್ತು ನಾನು ಊಟದ ಮೇಜಿನ ಮೇಲೆ ಪಾಲಿಸಿ ಹರಡಿಕೊಂಡು ಕೂತೆವು. ಇದಕ್ಕೆ ಪರಿಹಾರವೂ ಅದೇ ಅಧ್ಯಾಯದಲ್ಲಿದೆ. ಆಭರಣಗಳ ಬೆಲೆ ಕಟ್ಟಿಸಿ, ಒಂದೊಂದನ್ನೂ ಪಟ್ಟಿ ಮಾಡಿ ಪಾಲಿಸಿಗೆ ಸೇರಿಸಬೇಕು. ಆಗ ಆ ಮಿತಿ ಅನ್ವಯಿಸುವುದಿಲ್ಲ, ಪಟ್ಟಿಯಲ್ಲಿರುವ ಬೆಲೆಗೆ ರಕ್ಷಣೆ ಇರುತ್ತೆ. ಪ್ರೀಮಿಯಂ ಸ್ವಲ್ಪ ಜಾಸ್ತಿ ಕಟ್ಟಬೇಕು, ಅಷ್ಟೇ. ಇಲ್ಲವಾದರೆ ಬ್ಯಾಂಕಿನ ಲಾಕರ್.

ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋಗುತ್ತೇವಲ್ಲ, ಅದರ ಬಗ್ಗೆಯೂ ಪುಸ್ತಕದಲ್ಲಿತ್ತು. ಮನೆ 60 ದಿನಕ್ಕಿಂತ ಜಾಸ್ತಿ ಬರಿದಾಗಿದ್ದರೆ ಕಿಡಿಗೇಡಿಗಳು ಒಡೆದು ಹಾಳು ಮಾಡಿದ್ದಕ್ಕೆ ದುಡ್ಡು ಬರುವುದಿಲ್ಲ. ಆದರೆ ಬರಿದು ಅಂದರೆ ಜನರೂ ಇಲ್ಲ, ಸಾಮಾನೂ ಇಲ್ಲ ಅಂತ. ಸೋಫಾ, ಪಾತ್ರೆ, ಬಟ್ಟೆ ಎಲ್ಲ ಇಟ್ಟು ಹೋಗಿದ್ದರೆ ಅದು ಬೇರೆ ಲೆಕ್ಕ. ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆ ಬರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಪ್ರಶ್ನೆಗಿಂತ ಜಾಸ್ತಿಯಾಗಿ ನಮ್ಮ ಜೂನ್, ಜುಲೈ ತಿಂಗಳ ಸುದ್ದಿಯಾಗಿತ್ತು.

ಈ ಪರೀಕ್ಷೆಯ ಅತಿ ಕಷ್ಟದ ಭಾಗ ಕೋಇನ್ಶೂರೆನ್ಸ್ ಲೆಕ್ಕ ಅಂತ ಎಲ್ಲರೂ ಹೆದರಿಸಿದ್ದರು. ಅಂಗಡಿ, ಗೋದಾಮಿನಂಥ ಕಟ್ಟಡಗಳಿಗೆ ಕಂಪನಿ ಒಂದು ಷರತ್ತು ಹಾಕುತ್ತೆ: ಕಟ್ಟಡದ ಬೆಲೆಯ ಕನಿಷ್ಠ ಶೇಕಡಾ 80ಕ್ಕೆ ಇನ್ಶೂರೆನ್ಸ್ ಮಾಡಿಸಿರಬೇಕು. ಇಲ್ಲದಿದ್ದರೆ ಸಣ್ಣ ನಷ್ಟಕ್ಕೂ ಪೂರ್ತಿ ದುಡ್ಡಿಲ್ಲ. ಕಟ್ಟಡದ ಬೆಲೆ ಐದು ಲಕ್ಷ ಡಾಲರ್ ಅಂದುಕೊಳ್ಳಿ. ಅದರ ಶೇಕಡಾ 80 ಅಂದರೆ ನಾಲ್ಕು ಲಕ್ಷ. ಮಾಲೀಕ ಪ್ರೀಮಿಯಂ ಉಳಿಸಲು ಮೂರು ಲಕ್ಷಕ್ಕೆ ಮಾತ್ರ ಮಾಡಿಸಿದ್ದಾನೆ. ಬೆಂಕಿ ಬಿದ್ದು ಒಂದು ಲಕ್ಷ ನಷ್ಟವಾಯಿತು. ಬೇಕಿದ್ದದ್ದು ನಾಲ್ಕು, ಇದ್ದದ್ದು ಮೂರು. ಅಂದರೆ ಮುಕ್ಕಾಲು ಪಾಲು. ಕಂಪನಿ ಕೊಡುವುದು 75,000, ಅದರಲ್ಲೂ ಡಿಡಕ್ಟಿಬಲ್, ಅಂದರೆ ಗ್ರಾಹಕ ತಾನೇ ಹಾಕಬೇಕಾದ ಪಾಲು, ಮುರಿದುಕೊಂಡು. ಮೂರು ಲಕ್ಷದ ಪಾಲಿಸಿ ಇದ್ದೂ ಒಂದು ಲಕ್ಷದ ನಷ್ಟ ತುಂಬುವುದಿಲ್ಲ.

ಶನಿವಾರ ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿದಾಗ ಇದನ್ನು ಹೇಳಿದೆ. ಯಾರಿಗಾದರೂ ಕನ್ನಡದಲ್ಲಿ ಬಿಡಿಸಿ ಹೇಳಿದರೆ ನನಗೆ ವಿಷಯ ನಿಲ್ಲುತ್ತೆ, ಅದಕ್ಕೇ ದಿನಾ ಯಾರನ್ನಾದರೂ ಹಿಡಿದುಕೊಳ್ಳುತ್ತಿದ್ದೆ. ಅಪ್ಪ ಶಿವಮೊಗ್ಗದಲ್ಲಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ನಾನು ಅರ್ಧ ಹೇಳುವಷ್ಟರಲ್ಲೇ, "ಇದು ಆವರೇಜ್ ಕ್ಲಾಜ್ ಅಲ್ವೇನೇ?" ಅಂದರು. ಗೋದಾಮಿನ ಬೆಂಕಿ ಪಾಲಿಸಿಯಲ್ಲಿ ಅದು ಇರುತ್ತಿತ್ತಂತೆ. ಒಂದು ಕೋಟಿಯ ಮಾಲಿಗೆ ಅರವತ್ತು ಲಕ್ಷಕ್ಕೆ ಮಾಡಿಸಿದ್ದರೆ, ಹತ್ತು ಲಕ್ಷ ನಷ್ಟವಾದಾಗ ಬರುವುದು ಆರು ಲಕ್ಷ. ಸುಗ್ಗಿಯಲ್ಲಿ ಅಡಿಕೆ ಬಂದು ಬೀಳುವಾಗ, ದರ ಏರುವಾಗ, ಪಾಲಿಸಿ ಮೊತ್ತ ಏರಿಸಿದ್ದೀವಾ ಅಂತ ನೋಡುವುದು ಅಪ್ಪನದೇ ಕೆಲಸವಾಗಿತ್ತಂತೆ. ನಾನು ಮನೆಯಲ್ಲಿದ್ದಷ್ಟು ವರ್ಷ ಅವರು ಈ ಮಾತು ಎತ್ತಿದ್ದೇ ಇಲ್ಲ. "ಮತ್ತೆ ಅಲ್ಲಿಯವರು ಯಾಕೆ ಎಂಬತ್ತಕ್ಕೇ ಬಿಟ್ಟರು? ನಮ್ಮಲ್ಲಿ ನೂರಕ್ಕೆ ನೂರು ಕೇಳ್ತಿದ್ರು" ಅಂತ ಅವರೇ ನನ್ನನ್ನು ಪ್ರಶ್ನೆ ಮಾಡಿದರು. ಹೆಚ್ಚಿನ ಬೆಂಕಿಗಳಲ್ಲಿ ಕಟ್ಟಡ ಪೂರ್ತಿ ಹೋಗುವುದಿಲ್ಲ, ಒಂದು ಭಾಗ ಹೋಗುತ್ತೆ. ಅದಕ್ಕೆ ಸ್ವಲ್ಪ ಸಡಿಲ ಅಂತ ಪುಸ್ತಕದಲ್ಲಿದ್ದದ್ದನ್ನು ಹೇಳಿದೆ. ಅಪ್ಪ ಹೂಂ ಅಂದರು, ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಮಂಡಿಯ ಫೈಲುಗಳು, ಸರ್ವೇಯರ್ ಬಂದಾಗ ದಾಸ್ತಾನು ಪುಸ್ತಕ ತೋರಿಸುತ್ತಿದ್ದದ್ದು ಎಲ್ಲ ನೆನಪಾಗಿ ತುಂಬಾ ಹೊತ್ತು ಮಾತಾಡಿದರು. ಆಮೇಲೆ ಆ ಲೆಕ್ಕ ನನಗೆ ಕಷ್ಟ ಅನ್ನಿಸಲೇ ಇಲ್ಲ.

ಕಾರಿನ ಅಧ್ಯಾಯ ಓದಲು ಹಗುರ. ಟೆಕ್ಸಸ್‌ನಲ್ಲಿ ಪ್ರತಿ ಕಾರಿಗೂ ಇರಲೇಬೇಕಾದ ಕನಿಷ್ಠ ಹೊಣೆ 30/60/25. ನಿಮ್ಮ ತಪ್ಪಿನಿಂದ ಗಾಯವಾದ ಒಬ್ಬರಿಗೆ 30,000 ಡಾಲರ್ ತನಕ, ಒಂದು ಅಪಘಾತದಲ್ಲಿ ಎಲ್ಲರಿಗೂ ಸೇರಿ 60,000, ಬೇರೆಯವರ ವಾಹನ, ಆಸ್ತಿಗೆ 25,000. ಇಲ್ಲಿ ರಸ್ತೆಯಲ್ಲಿ ಓಡುವ ಹೊಸ ಪಿಕಪ್ ಟ್ರಕ್‌ನ ಬೆಲೆ ಗೊತ್ತಿದ್ದವರಿಗೆ ಆ 25,000 ಎಷ್ಟು ಕಡಿಮೆ ಅಂತ ಹೇಳಬೇಕಾಗಿಲ್ಲ. ಊರಿಂದ ಹೊಸದಾಗಿ ಬಂದ ಹುಡುಗರು ಎಲ್ಲಕ್ಕಿಂತ ಅಗ್ಗದ್ದು ಯಾವುದು ಅಂತ ನೋಡಿ ಇದನ್ನೇ ಕೊಂಡುಕೊಳ್ಳುತ್ತಾರೆ. ಅವರಿಗೆ ಯಾರಾದರೂ ಕೂರಿಸಿ ಹೇಳಬೇಕು.

ಜಿಂಕೆಯ ಪ್ರಶ್ನೆ ಅಂತ ಒಂದಿದೆ, ಅದು ಎಲ್ಲ ಅಭ್ಯಾಸ ಪರೀಕ್ಷೆಯಲ್ಲೂ ಬರುತ್ತೆ. ಕಾರು ಜಿಂಕೆಗೆ ಗುದ್ದಿದರೆ ಅದು ಕೊಲಿಷನ್, ಅಂದರೆ ಡಿಕ್ಕಿಯ ಭಾಗ ಅಲ್ಲ, ಡಿಕ್ಕಿಯಲ್ಲದ ನಷ್ಟಗಳ ಕಾಂಪ್ರಹೆನ್ಸಿವ್ ಭಾಗದಲ್ಲಿ ಬರುತ್ತೆ. ಜಿಂಕೆ ತಪ್ಪಿಸಲು ಹೋಗಿ ಮರಕ್ಕೆ ಗುದ್ದಿದರೆ ಕೊಲಿಷನ್. ಎರಡಕ್ಕೂ ಡಿಡಕ್ಟಿಬಲ್ ಬೇರೆ ಬೇರೆ ಇರಬಹುದು. ಟೆಕ್ಸಸ್‌ನ ಗುಡ್ಡಗಾಡಿನ ಕಡೆ ಜಿಂಕೆಗಳು ಎಷ್ಟಿವೆ ಅಂದರೆ, ಇದು ನಿಜವಾಗಿ ಬೇಕಾದ ತಿಳಿವಳಿಕೆ.

ಇನ್ನು ನೀರಿನ ವಿಷಯ. ನಾನು ಈ ಕೆಲಸ ಹುಡುಕಿದ್ದಕ್ಕೆ ನಿಜವಾದ ಕಾರಣ ಅದು.

2017ರ ಆಗಸ್ಟ್ ಕೊನೆಯಲ್ಲಿ ಹಾರ್ವೆ ಚಂಡಮಾರುತ ಬಂತು. ಕರಾವಳಿಯ ರಾಕ್‌ಪೋರ್ಟ್ ಹತ್ತಿರ ನೆಲಕ್ಕೆ ಬಡಿದು, ಆಮೇಲೆ ಮುಂದೆ ಹೋಗದೆ ಈ ಭಾಗದ ಮೇಲೇ ನಿಂತುಬಿಟ್ಟಿತು. ನೆಡರ್‌ಲ್ಯಾಂಡ್ ಅನ್ನೋ ಊರಲ್ಲಿ 60 ಇಂಚಿಗಿಂತ ಜಾಸ್ತಿ ಮಳೆ ಬಿತ್ತು. ಬೆಂಗಳೂರಿಗೆ ಇಡೀ ವರ್ಷ ಬೀಳುವ ಮಳೆಗಿಂತ ಎಷ್ಟೋ ಜಾಸ್ತಿ, ಕೆಲವೇ ದಿನಗಳಲ್ಲಿ. ನಮ್ಮ ಕಡೆ ಬಾರ್ಕರ್, ಆಡಿಕ್ಸ್ ಅಂತ ಎರಡು ಜಲಾಶಯಗಳಿವೆ. ಹ್ಯೂಸ್ಟನ್ ಪೇಟೆಯನ್ನು ಪ್ರವಾಹದಿಂದ ಕಾಪಾಡಲು 1940ರ ದಶಕದಲ್ಲಿ ಸೇನೆಯ ಎಂಜಿನಿಯರುಗಳು ಕಟ್ಟಿದ್ದು. ಮಳೆ ಇಲ್ಲದಾಗ ಅವು ಒಣ ಬಯಲು, ಪಾರ್ಕು. ಆ ಬಯಲಿನ ಅಂಚಿಗೆ ಬಡಾವಣೆಗಳು ಬಂದುಬಿಟ್ಟಿದ್ದವು. ನೀರು ಏರಿದಾಗ ಹಿನ್ನೀರು ಆ ಮನೆಗಳಿಗೆ ನುಗ್ಗಿತು. ಜಲಾಶಯದ ಗೇಟು ತೆಗೆದ ಮೇಲೆ ಕೆಳಭಾಗದವರ ಮನೆಗಳಿಗೂ ನುಗ್ಗಿತು.

ನಮಗೆ ಬೇಕಾದ ಒಂದು ಕನ್ನಡದ ಕುಟುಂಬ ಅಂಥ ಒಂದು ಬಡಾವಣೆಯಲ್ಲಿತ್ತು. ದೋಣಿಯಲ್ಲಿ ಹೊರಗೆ ಬಂದರು. ನೀರು ಇಳಿದ ಮೇಲೆ ನಾವೆಲ್ಲ ಹೋಗಿ ಗೋಡೆಯ ಶೀಟ್‌ರಾಕ್, ಅಂದರೆ ಜಿಪ್ಸಂ ಹಲಗೆ, ಕಿತ್ತು ಹಾಕಿದೆವು, ನೆನೆದ ಪುಸ್ತಕ, ಹಾಸಿಗೆ, ಮಕ್ಕಳ ಆಟದ ಸಾಮಾನು ಬೀದಿ ಬದಿಗೆ ರಾಶಿ ಹಾಕಿದೆವು. ದೇವರ ಮನೆಯ ಮರದ ಮಂಟಪ ಉಬ್ಬಿ ಬಿರುಕು ಬಿಟ್ಟಿತ್ತು. ಅವರಿಗೆ ಹೋಂ ಇನ್ಶೂರೆನ್ಸ್ ಇತ್ತು. ತಪ್ಪದೆ ಕಟ್ಟಿದ್ದರು. ಆದರೆ ಹೋಂ ಓನರ್ಸ್ ಪಾಲಿಸಿಯಲ್ಲಿ ಪ್ರವಾಹ ಸೇರುವುದಿಲ್ಲ. ಅದಕ್ಕೆ ಬೇರೆ ಪಾಲಿಸಿ ಬೇಕು. ಅವರ ಮನೆ ನಕ್ಷೆಯಲ್ಲಿ ಪ್ರವಾಹ ವಲಯದ ಹೊರಗಿತ್ತು, ಸಾಲ ಕೊಟ್ಟ ಬ್ಯಾಂಕು ಕೇಳಿರಲಿಲ್ಲ, ಅವರೂ ತಗೊಂಡಿರಲಿಲ್ಲ. ಹಾರ್ವೆಯಲ್ಲಿ ಮುಳುಗಿದ ಬಹುಪಾಲು ಮನೆಗಳ ಕಥೆ ಇದೇ. ಸಾಲ ಮಾಡಿ ಮನೆ ರಿಪೇರಿ ಮಾಡಿಸಿಕೊಂಡರು. ಆ ಸಾಲ ತೀರಲು ವರ್ಷಗಳೇ ಹಿಡಿದವು.

ಆ ಅಧ್ಯಾಯವನ್ನು ನಾನು ಮೂಗು ಹಿಡಿದು ಕೂತ ಹಾಗೆ ಒಂದೇ ಮನಸ್ಸಿನಿಂದ ಓದಿದೆ. ರಾಷ್ಟ್ರೀಯ ಪ್ರವಾಹ ವಿಮಾ ಕಾರ್ಯಕ್ರಮ ಶುರುವಾದದ್ದು 1968ರಲ್ಲಿ. ಒಂದು ಮನೆಯ ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್, ಸಾಮಾನಿಗೆ 1,00,000. ಎರಡನ್ನೂ ಬೇರೆ ಬೇರೆಯಾಗಿ ಕೇಳಿ ತಗೋಬೇಕು. ಕಟ್ಟಡಕ್ಕೆ ತಗೊಂಡರೆ ಸಾಮಾನಿಗೂ ಬಂತು ಅಂದುಕೊಳ್ಳಬಾರದು. ವಲಯದ ಹೊರಗಿದ್ದರೂ ಕೊಳ್ಳಬಹುದು. ಮತ್ತೆ ಎಲ್ಲಕ್ಕಿಂತ ಮುಖ್ಯವಾದದ್ದು: ಸಾಮಾನ್ಯವಾಗಿ ದುಡ್ಡು ಕಟ್ಟಿ 30 ದಿನವಾದ ಮೇಲೆಯೇ ಅದು ಜಾರಿಗೆ ಬರುವುದು. ಟಿವಿಯಲ್ಲಿ ಚಂಡಮಾರುತದ ನಕ್ಷೆ ನೋಡಿ ಏಜೆಂಟ್‌ಗೆ ಫೋನ್ ಮಾಡಿದರೆ ಪ್ರಯೋಜನವಿಲ್ಲ.

ಗಾಳಿ, ಆಲಿಕಲ್ಲಿಗೂ ಒಂದು ಕೊಕ್ಕೆ ಇದೆ. ಟೆಕ್ಸಸ್‌ನ ಎಷ್ಟೋ ಪಾಲಿಸಿಗಳಲ್ಲಿ ಇವೆರಡಕ್ಕೆ ಡಿಡಕ್ಟಿಬಲ್ ಡಾಲರ್ ಲೆಕ್ಕದಲ್ಲಿ ಇರುವುದಿಲ್ಲ, ಶೇಕಡಾ ಲೆಕ್ಕದಲ್ಲಿರುತ್ತೆ. ಅದೂ ನಷ್ಟದ ಶೇಕಡಾ ಅಲ್ಲ, ಕಟ್ಟಡದ ಮೊತ್ತದ ಶೇಕಡಾ. ನಾಲ್ಕು ಲಕ್ಷದ ಮನೆಗೆ ಶೇಕಡಾ 2 ಅಂದರೆ 8,000 ಡಾಲರ್. ಸೂರಿನ ರಿಪೇರಿಗೆ ಅಷ್ಟನ್ನು ಮೊದಲು ಕೈಯಿಂದ ಹಾಕಬೇಕು. ಆಲಿಕಲ್ಲು ಬಿದ್ದ ಮರುದಿನ ಬಾಗಿಲು ಬಡಿಯುವ ಕೆಲವು ರೂಫಿಂಗ್‌ನವರು ಡಿಡಕ್ಟಿಬಲ್ ನಾವೇ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. 2019ರಿಂದ ಟೆಕ್ಸಸ್ ಕಾನೂನಿನಲ್ಲಿ ಅದು ಅಪರಾಧ. ಗ್ರಾಹಕನೇ ಕಟ್ಟಬೇಕು. ಇದನ್ನು ಓದಿದ ದಿನ ನಮ್ಮ ಬೀದಿಯ ಎಲ್ಲರಿಗೂ ಹೇಳಬೇಕು ಅನ್ನಿಸಿತ್ತು. ಲೈಸೆನ್ಸ್ ಬರುವ ತನಕ ಬಾಯಿ ಬಿಗಿಹಿಡಿದುಕೊಂಡಿದ್ದೆ.

ಪರೀಕ್ಷೆಯ ದಿನದ ಬಗ್ಗೆ ಒಂದು ವಿಷಯ ನಮ್ಮವರಿಗೆ ಹೇಳಲೇಬೇಕು. ನೋಂದಣಿಯಲ್ಲಿರುವ ಹೆಸರು, ಗುರುತಿನ ಚೀಟಿಯಲ್ಲಿರುವ ಹೆಸರು ಎರಡೂ ಒಂದೇ ಇರಬೇಕು. ಅಪ್ಪನ ಹೆಸರು, ಊರಿನ ಹೆಸರು, ಇನಿಷಿಯಲ್ ಎಲ್ಲ ಹಿಂದುಮುಂದಾಗಿರುವ ನಮ್ಮ ಪಾಸ್‌ಪೋರ್ಟ್‌ಗಳಿಂದ ಇದೇ ದೊಡ್ಡ ತಲೆನೋವು. ನಾನು ಮೊದಲೇ ಡ್ರೈವಿಂಗ್ ಲೈಸೆನ್ಸ್ ಪಕ್ಕಕ್ಕಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ತುಂಬಿದ್ದೆ.

ಕೇಂದ್ರದಲ್ಲಿ ಫೋನು, ಪರ್ಸು, ವಾಚು ಎಲ್ಲ ಲಾಕರ್‌ಗೆ. ತೋಳು ಮಡಿಸಿ ತೋರಿಸಿ ಅಂದರು, ಕನ್ನಡಕ ತಗೊಂಡು ತಿರುಗಿಸಿ ನೋಡಿದರು, ಬಳೆ ನೋಡಿದರು. ಬರೆಯಲು ಅಳಿಸುವ ಹಾಳೆ, ಒಂದು ಪೆನ್ನು. ಕಂಪ್ಯೂಟರ್ ಮುಂದೆ ಕೂತವಳು ಮೊದಲು ಆ ಹಾಳೆಯ ಮೇಲೆ ಕೋಇನ್ಶೂರೆನ್ಸ್ ಸೂತ್ರ ಬರೆದಿಟ್ಟೆ. ಪ್ರಶ್ನೆಗಳು ಅಭ್ಯಾಸದಲ್ಲಿದ್ದಕ್ಕಿಂತ ಉದ್ದವಾಗಿದ್ದವು. "ಇವುಗಳಲ್ಲಿ ಯಾವುದನ್ನು ಬಿಟ್ಟು" ಅನ್ನುವ ಪ್ರಶ್ನೆಗಳು ಜಾಸ್ತಿ. ಅಂಥದ್ದು ಬಂದಾಗೆಲ್ಲ ಮೌಸ್‌ನಿಂದ ಕೈ ತೆಗೆದು, ಪ್ರಶ್ನೆಯನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಂಡು ಉತ್ತರ ಒತ್ತುತ್ತಿದ್ದೆ. ಟೆಕ್ಸಸ್ ಕಾನೂನಿನ ಭಾಗದಲ್ಲಿ ದಿನಗಳ ಲೆಕ್ಕ ಕೇಳಿದ್ದರು. ಕ್ಲೇಮ್ ಬಂದ 15 ದಿನದೊಳಗೆ ಕಂಪನಿ ಉತ್ತರ ಕೊಡಬೇಕು, ಕೊಡುತ್ತೇವೆ ಅಂತ ತಿಳಿಸಿದ ಮೇಲೆ ಐದು ಕೆಲಸದ ದಿನಗಳಲ್ಲಿ ದುಡ್ಡು ಕೊಡಬೇಕು. ಅಪಘಾತದಲ್ಲಿ ಶೇಕಡಾ 50ಕ್ಕಿಂತ ಜಾಸ್ತಿ ತಪ್ಪು ನಮ್ಮದಾದರೆ ಎದುರಿನವರಿಂದ ಏನೂ ಕೇಳುವ ಹಾಗಿಲ್ಲ. ಇವೆಲ್ಲ ಬಾಯಿಪಾಠ ಮಾಡಿದ್ದು ಕೈ ಹಿಡಿಯಿತು.

ಹೊರಗೆ ಬಂದಾಗ ಒಂದು ಹಾಳೆ ಕೊಟ್ಟರು. ಪಾಸ್ ಅಂತಿತ್ತು. ಗಂಡನಿಗಿಂತ ಮೊದಲು ಅಪ್ಪನಿಗೆ ಫೋನ್ ಮಾಡಿದೆ, ಅಲ್ಲಿ ನಡುರಾತ್ರಿ ಅಂತ ಗೊತ್ತಿದ್ದೂ. "ಆವರೇಜ್ ಕ್ಲಾಜ್ ಕೇಳಿದ್ರಾ?" ಅಂದರು.

ಆಮೇಲೆ ಬೆರಳಚ್ಚು ಕೊಟ್ಟು, ಅರ್ಜಿ ಹಾಕಿ, ಲೈಸೆನ್ಸ್ ಬಂತು. ಎರಡು ವರ್ಷಕ್ಕೊಮ್ಮೆ ಅದನ್ನು ನವೀಕರಿಸಲು 24 ಗಂಟೆ ಪಾಠ ಕೇಳಬೇಕು. ಅದು ನನಗೆ ಸಂತೋಷವೇ.

ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಸೇರಿದ್ದಾಗ, ಹೋಳಿಗೆಯ ಸಾಲಿನಲ್ಲಿ ನಿಂತಿದ್ದ ಒಬ್ಬರು ನನ್ನ ಕೆಲಸದ ವಿಷಯ ಕೇಳಿದರು. ಪ್ರವಾಹದ ಪಾಲಿಸಿ ಇದೆಯಾ ಅಂತ ನಾನು ಕೇಳಿದೆ. "ನಮ್ಮದು ಫ್ಲಡ್ ಜೋನ್ ಅಲ್ಲ" ಅಂದರು. ವಿಳಾಸ ಕೇಳಿ ಫೋನಿನಲ್ಲೇ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ಪ್ರವಾಹ ನಕ್ಷೆ ತೆಗೆದೆವು. ಅವರು ಹೇಳಿದ್ದು ಸರಿ, ಎಕ್ಸ್ ವಲಯ, ಅಂದರೆ ಹೆಚ್ಚಿನ ಅಪಾಯದ ವಲಯದ ಹೊರಗೆ. ಹಾರ್ವೆಯಲ್ಲಿ ಮುಳುಗಿದ ನಮ್ಮ ಸ್ನೇಹಿತರು ಪಕ್ಕದಲ್ಲೇ ಇದ್ದರು. "ನಮ್ಮದೂ ಅದೇ ಇತ್ತು" ಅಂದರು. ಚಂಡಮಾರುತದ ಕಾಲ ಶುರುವಾಗುವುದು ಜೂನ್ 1ಕ್ಕೆ, 30 ದಿನ ಹಿಂದಕ್ಕೆ ಎಣಿಸಿದರೆ ಏಪ್ರಿಲ್ ಮುಗಿಯುವುದರೊಳಗೆ ಕಟ್ಟಬೇಕು ಅಂತ ಹೇಳಿದೆ. ಅವರು ಹೆಂಡತಿಯನ್ನೂ ಕರೆದರು. ಕಟ್ಟಡಕ್ಕೆ ಎಷ್ಟು, ಸಾಮಾನಿಗೆ ಎಷ್ಟು, ಬಂಗಾರದ ಪಟ್ಟಿ ಎಲ್ಲಿ ಸೇರಿಸುವುದು ಅಂತ ಊಟ ಮುಗಿಯುವ ತನಕ ಮಾತು ನಡೆಯಿತು. ಸೋಮವಾರ ಬೆಳಿಗ್ಗೆ ಇಬ್ಬರೂ ಪಾಲಿಸಿ ಕಾಗದ ಹಿಡಿದುಕೊಂಡು ಆಫೀಸಿಗೆ ಬಂದರು.